ಅಣ್ಣನ ಇಪ್ಪತ್ತು ನಿಮಿಷ

ನಾನು ಸಮಯಪಾಲಕ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು. ಕೊಟ್ಟೂರಿನಿಂದ ಹರಪನಹಳ್ಳಿಯ ಕಚೇರಿಗೆ ಇಪ್ಪತ್ತೆರಡು ವರ್ಷ ಓಡಾಡಿದೆ. ಅಣ್ಣ ಇರುವತನಕ ಬೆಳಗಿನ ಬಸ್ಸು ಒಂದು ದಿನವೂ ತಪ್ಪಲಿಲ್ಲ. ಬಸ್ಸೇ ದಿನಾ ಇಪ್ಪತ್ತು ನಿಮಿಷ ತಡವಾಗಿ ಬರುತ್ತಿತ್ತು. ನಾನು ಬೈಯದ ಕಂಡಕ್ಟರ್ ಇಲ್ಲ. ಒಬ್ಬ "ನಿಮ್ಮ ಗಡಿಯಾರ ನೋಡ್ಕೊಳ್ರಿ ಸಾರ್" ಎಂದಾಗ, "ನಮ್ಮನ್ಯಾಗ ಕಂಪ್ಯೂಟರ್ ಐತಿ, ತಿಳೀತೇನು?" ಎಂದು ಗದರಿಸಿದ್ದೆ.

ಆ ಕಂಪ್ಯೂಟರ್ ರೇಡಿಯೊ ರಿಪೇರಿ ಮಾಡುತ್ತಿದ್ದ ನಮ್ಮಣ್ಣನದು. ಬರೀ ಕೀಲಿಮಣೆಯಂತೆ ಕಾಣುವ ಹಳೇ ಕಾಲದ ಯಂತ್ರ. ಟಿವಿಗೆ ಜೋಡಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಬೇಕು. ಅಣ್ಣ ಅದರೊಳಗೆ ಬ್ಯಾಟರಿ ಸಮೇತ ಗಡಿಯಾರದ ಚಿಪ್ಪೊಂದನ್ನು ಬೆಸೆದಿದ್ದ. ಬೆಳಗಾದರೆ ಟಿವಿ ತುಂಬ ದಪ್ಪ ಅಂಕಿಗಳು. ನನ್ನ ಮೊಬೈಲು ಹಿಂದಿದೆಯಲ್ಲ ಎಂದರೆ, "ಟವರ್ ಸರಿ ಇಲ್ಲೋ, ಹಿಂದ ಬೀಳ್ತೈತಿ" ಎನ್ನುತ್ತಿದ್ದ. ನಾನು ನಂಬುತ್ತಿದ್ದೆ. ಮೂರು ತಿಂಗಳ ಹಿಂದೆ ಅಣ್ಣ ತೀರಿಕೊಂಡ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು, ಅಂಕಿಗಳು ಹೋದವು. ನನಗೆ ಬಸ್ಸು ನಾಲ್ಕು ಸಲ ತಪ್ಪಿತು. ದುಃಖದಿಂದ ಇರಬೇಕು ಎಂದುಕೊಂಡೆ. ಆದರೆ ಅಣ್ಣ ಇಟ್ಟ ಸಮಯ ಒಳಗೆ ಯಾರಿಗೂ ಕಾಣದೆ ಇನ್ನೂ ಓಡುತ್ತಿದೆಯಲ್ಲ ಎಂದು ನೆನೆದರೆ ಅನ್ನ ಸೇರುತ್ತಿರಲಿಲ್ಲ.

ಅವನ ನೋಟುಬುಕ್ಕು ಹುಡುಕಿ ಪ್ರೋಗ್ರಾಂ ಟೈಪು ಮಾಡಲು ಕುಳಿತೆ. ಮೂರು ಭಾನುವಾರ ಹೋದವು. ಚಿಪ್ಪು ಅಂಕಿ ಬರೆದಿಡುವ ರೀತಿಯೇ ಬೇರೆ; ಅದನ್ನು ನಮ್ಮ ಲೆಕ್ಕಕ್ಕೆ ತಿರುಗಿಸುವ ಒಂದು ಸಾಲು ಬಿಟ್ಟಿದ್ದಕ್ಕೆ ಅದರೊಳಗಿನ ಹತ್ತು ಟಿವಿಗೆ ಬರುವಷ್ಟರಲ್ಲಿ ಹದಿನಾರಾಗುತ್ತಿತ್ತು. ಕಡೆಗೊಮ್ಮೆ ಅಂಕಿಗಳು ಮೂಡಿದಾಗ ಕಣ್ಣು ತುಂಬಿ ಬಂತು. ಆದರೆ ಇಪ್ಪತ್ತು ನಿಮಿಷ ಮುಂದಿತ್ತು. ನನ್ನ ಮೊಬೈಲು, ಅತ್ತಿಗೆಯ ಮೊಬೈಲು, ವಾರ್ತೆ ಮೂರೂ ಒಂದೇ ಹೇಳಿದವು. ಪಾಪ, ಚಿಪ್ಪಿಗೂ ವಯಸ್ಸಾಯಿತು ಎಂದು ಸಮಯ ತಿದ್ದಿ, ಅತ್ತಿಗೆಯನ್ನು ಕರೆದು ಬೀಗುತ್ತ ತೋರಿಸಿದೆ.

ಅತ್ತಿಗೆ ತಮ್ಮ ಮೊಬೈಲನ್ನು ಟಿವಿಯ ಅಂಕಿಗಳ ಪಕ್ಕ ಹಿಡಿದು ನೋಡಿದರು. "ಅಳಿಸಿಬಿಟ್ಟೇನಪ್ಪಾ? ನಿಮ್ಮಣ್ಣ ಬೇಕಂತಲೇ ಮುಂದ ಇಟ್ಟಿದ್ರು. ಇಲ್ಲಂದ್ರ ನೀನು ಬಸ್ ಹಿಡಿತಿದ್ದೇನು?"

ನಾನೇ ಮತ್ತೆ ಇಪ್ಪತ್ತು ನಿಮಿಷ ಕೂಡಿಸಿದರೆ, ಗುಟ್ಟು ತಿಳಿದ ನನ್ನ ಮನಸ್ಸು ಅಷ್ಟನ್ನೂ ಅಲ್ಲೇ ಕಳೆದುಬಿಡುತ್ತದೆ. ಕೊನೆಗೆ ಅತ್ತಿಗೆಗೆ ಒತ್ತಬೇಕಾದ ಕೀಲಿಗಳನ್ನು ತೋರಿಸಿ, "ನೀವ ಮುಂದ ಇಡ್ರಿ. ಎಷ್ಟು ಅಂತ ನನಗ ಹೇಳಬ್ಯಾಡ್ರಿ" ಎಂದೆ. ಮರುದಿನ ಮೊಬೈಲನ್ನು ಚೀಲದ ತಳಕ್ಕೆ ತುರುಕಿ, ಟಿವಿಯನ್ನಷ್ಟೇ ನಂಬಿ ಓಡಿದೆ. ಬಸ್ಸು ಬಹಳ ಹೊತ್ತು ಬರಲಿಲ್ಲ. ಅಣ್ಣನೇ ಪಕ್ಕದಲ್ಲಿ ನಿಂತಿದ್ದಾನೆ ಎನ್ನಿಸಿ, ಎಷ್ಟೋ ದಿನದ ಮೇಲೆ ಮನಸ್ಸು ಹಗುರವಾಯಿತು. ಕಂಡಕ್ಟರನಿಗೆ ನಮಸ್ಕಾರ ಹೇಳಿ ಹತ್ತಿದೆ, ಅವನು ಹೆದರಿದ.

ಸಂಜೆ ಬಂದು, "ಎಷ್ಟು ಮುಂದ ಇಟ್ಟಿದ್ರಿ?" ಎಂದು ಕೇಳಿದೆ.

"ನಾನು ಕೈನೂ ಹಚ್ಚಿಲ್ಲಪ್ಪಾ. ಅವರ ಸಾಮಾನು, ಮುಟ್ಟಾಕ ಮನಸಾಗಲಿಲ್ಲ" ಎಂದರು ಅತ್ತಿಗೆ.

ಅಂದರೆ ಬಸ್ಸು ಅವತ್ತು ನಿಜವಾಗಿಯೂ ತಡವಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬೈಗುಳಕ್ಕೆ ನ್ಯಾಯವಿದ್ದದ್ದು ಅದೊಂದೇ ದಿನ. ಅವತ್ತೇ ನಾನು ಕೈ ಮುಗಿದು ಬಂದಿದ್ದೆ.