ಚಿತ್ರೋತ್ಸವದ ಪರದೆ ಮುಚ್ಚಿ ನಿಂತ ಫ್ಲೆಕ್ಸ್ ಮಹಾಶಯರಿಗೆ

ಶ್ರೀಯುತ ಫ್ಲೆಕ್ಸ್ ಬ್ಯಾನರ್‌ರವರ ದಿವ್ಯ ಸನ್ನಿಧಿಗೆ,
ಸದ್ಯದ ವಾಸ: ಮುರಿದ ಬೆಂಚುಗಳ ಮೇಲೆ, ಕಾಲೇಜಿನ ಸ್ಟೋರ್ ರೂಮು,
ಯಲಹಂಕ, ಬೆಂಗಳೂರು.

ಇಪ್ಪತ್ತು ಅಡಿ ಅಗಲದ ಮಾನ್ಯರೇ,

ಮಡಿಕೆ ಮಡಿಕೆಯಾಗಿ ಮಲಗಿರುವ ತಮ್ಮ ವಿಶ್ರಾಂತಿಗೆ ಭಂಗ ತರುತ್ತಿರುವುದಕ್ಕೆ ಮೊದಲಿಗೆ ಕ್ಷಮೆ ಇರಲಿ. ಹೆಬ್ಬಾಳದ ಫ್ಲೈಓವರ್ ಕಂಬಗಳಿಂದ ತಮ್ಮ ಬಂಧುಬಳಗವನ್ನು ಕಿತ್ತು ಲಾರಿಗೆ ತುಂಬುವುದನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿ ಮರುಗಿದ್ದೇನೆ. ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರಿದ್ದು ಬಿಟ್ಟರೆ ಬೇರೇನೂ ಮಾಡದ ಆ ಜೀವಗಳಿಗೆ ಬೀದಿಯಲ್ಲಿ ನಿಲ್ಲಲು ಜಾಗವಿಲ್ಲದ ಈ ಕಾಲದಲ್ಲಿ, ತಾವು ನಮ್ಮ ಕಾಲೇಜಿನ ಸಭಾಂಗಣದೊಳಗೆ, ಅದೂ ಬೇರೆಲ್ಲೂ ಅಲ್ಲದೆ ಸಿನಿಮಾ ಪರದೆಯ ಮುಂದೆಯೇ ಗಟ್ಟಿಯಾಗಿ ನೆಲೆ ಕಂಡುಕೊಂಡದ್ದನ್ನು ನೋಡಿದ ಮೇಲೆ, ತಮ್ಮ ವಂಶದ ಭವಿಷ್ಯದ ಬಗ್ಗೆ ನನಗಿದ್ದ ಚಿಂತೆ ಪೂರ್ತಿ ಹೋಗಿದೆ.

ನನ್ನ ಪರಿಚಯ ತಮಗಿರಲಾರದು. ನಾನು ಸತ್ಯವತಿ, ಇದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು, ಆರ್.ಟಿ. ನಗರದಿಂದ ದಿನಾ ಬಸ್ಸಿನಲ್ಲಿ ನಿಂತು ಬರುವವಳು. ಒಮ್ಮೆ ಸ್ಟಾಫ್ ರೂಮಿನಲ್ಲಿ ಬಾಯಿ ಮುಚ್ಚಿಕೊಂಡಿರಲಾರದೆ, ಭಾನುವಾರದ ಮ್ಯಾಟಿನಿಗೆ ಹೋಗುವುದೆಂದರೆ ನನಗೆ ಇಷ್ಟ ಎಂದು ಹೇಳಿದ್ದೇ ನೆಪವಾಗಿ, ವಿದ್ಯಾರ್ಥಿಗಳ ಕಿರುಚಿತ್ರೋತ್ಸವಕ್ಕೆ ನನ್ನನ್ನು ಸಂಚಾಲಕಿ ಮಾಡಿದರು. ನಿಜವಾದ ಓಡಾಟವೆಲ್ಲ ಹುಡುಗರದೇ. ನನ್ನ ಪಾಲಿಗೆ ಬಂದದ್ದು ಅವರ ಅರ್ಜಿಗಳಿಗೆ ರುಜು ಹಾಕುವುದು, ಕಿಟಕಿಗಳ ಬೆಳಕು ತಡೆಯಲು ಹಾಸ್ಟೆಲ್ಲಿನಿಂದ ಕಂಬಳಿ ಬೇಡಿ ತರುವುದು, ಚಿತ್ರ ನಡೆಯುವಾಗ ದಯವಿಟ್ಟು ಚಟ್ನಿ ರುಬ್ಬಬೇಡಿ ಎಂದು ಪಕ್ಕದ ಕ್ಯಾಂಟೀನಿನ ಮುನಿಯಣ್ಣನವರ ಕೈಕಾಲು ಹಿಡಿಯುವುದು, ಇಂಥವು. ಹಿಂದಿನ ದಿನ ಸಂಜೆ ಅನಿಕೇತ್ ಎಂಬ ಬಿ.ಕಾಂ. ಹುಡುಗ ಪ್ರೊಜೆಕ್ಟರ್ ಹಚ್ಚಿ, ಬಿಳಿ ಪರದೆಯ ಮೇಲೆ ಏಳೂ ಚಿತ್ರಗಳನ್ನು ಓಡಿಸಿ ನೋಡಿ, ಎಲ್ಲ ಸರಿಯಿದೆ ಎಂದ ಮೇಲೆ ನಾವು ನೆಮ್ಮದಿಯಿಂದ ಮನೆಗೆ ಹೋದೆವು. ತಾವು ಆಗಿನ್ನೂ ಯಾವುದೋ ಪ್ರಿಂಟಿಂಗ್ ಅಂಗಡಿಯಲ್ಲಿ ಒಣಗುತ್ತಿದ್ದಿರಿ.

ಆ ಏಳರಲ್ಲಿ ಒಂದು ಚಿತ್ರ ಅಕ್ಷಯಾಳದು. ಮತ್ತಿಕೆರೆಯಲ್ಲಿ ಅವ್ವನ ಜೊತೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿರುವ ಹುಡುಗಿ. ಅವ್ವ ನೀಲಕ್ಕ ಕೊಪ್ಪಳದ ಕಡೆಯವರು, ಗೊರಗುಂಟೆಪಾಳ್ಯದ ಒಂದು ಗಾರ್ಮೆಂಟ್ಸಿನಲ್ಲಿ ಟೈಲರು. ಟೈಲರೆಂದರೆ ಇಡೀ ಅಂಗಿ ಹೊಲಿಯುವವರೆಂದು ತಾವು ತಿಳಿಯಬಾರದು. ಅಲ್ಲಿ ನೀಲಕ್ಕನ ಪಾಲಿಗೆ ಬಂದಿರುವುದು ಎಡತೋಳು ಮಾತ್ರ, ಬಲತೋಳು ಬೇರೆಯವರದು. ಹೀಗೆ ವರ್ಷಗಟ್ಟಲೆ ಎಡತೋಳನ್ನೇ ಕೂಡಿಸಿದ ಅವ್ವ, ಭಾನುವಾರ ಯಶವಂತಪುರದ ಮಾರುಕಟ್ಟೆಗೆ ಹೋದರೆ ತರಕಾರಿ ನೋಡುವುದು ಬಿಟ್ಟು ಎದುರು ಬರುವ ಗಂಡಸರ ಎಡತೋಳನ್ನೇ ನೋಡುತ್ತ ನಡೆಯುವುದನ್ನು ಮಗಳು ಮೊಬೈಲಿನಲ್ಲಿ ಹಿಡಿದು, ‘ಎಡತೋಳು’ ಎಂದು ಹೆಸರಿಟ್ಟು ಚಿತ್ರ ಮಾಡಿದ್ದಳು. ಅದನ್ನು ಅವ್ವ ಅಂಗೈಯಗಲದ ಮೊಬೈಲಿನಲ್ಲಿ ನೋಡಕೂಡದು, ದೊಡ್ಡ ಪರದೆಯ ಮೇಲೆಯೇ ಮೊದಲು ನೋಡಬೇಕು ಎಂದು ಹಟ ಹಿಡಿದು ಕಾದಿದ್ದಳು. ನೀಲಕ್ಕ ಸೂಪರ್‌ವೈಸರನ್ನು ಕಾಡಿ ಬೇಡಿ ಅರ್ಧ ದಿನದ ರಜೆ ಪಡೆದು, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆಯುಟ್ಟು ಬಂದಿದ್ದರು. ಮಧ್ಯಾಹ್ನದ ಊಟದ ಬಿಡುವು ಮುಗಿಯುವುದರೊಳಗೆ ಮತ್ತೆ ಮಷೀನಿನ ಮುಂದೆ ಕೂರದಿದ್ದರೆ ಅವರಿಗೆ ಇಡೀ ದಿನ ಗೈರುಹಾಜರಿ.

ಬೆಳಿಗ್ಗೆ ಸಭಾಂಗಣಕ್ಕೆ ಬಂದು ನೋಡಿದರೆ ತಾವು. ತಮ್ಮ ಎದೆಯ ನಟ್ಟನಡುವೆ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಕೈಮುಗಿದು ನಿಂತಿದ್ದರು. ಮೀಸೆಯೊಂದೇ ನನ್ನ ಒಂದು ಮೊಳದಷ್ಟಿತ್ತು. ಅವರ ಎಡಬಲಕ್ಕೆ ಪದವಿಗೆ ತಕ್ಕಂತೆ ಕುಗ್ಗುತ್ತ ಹೋದ ಕಾರ್ಯದರ್ಶಿಗಳು, ಖಜಾಂಚಿಗಳು, ಪ್ರಾಂಶುಪಾಲರು. ಇದು ಸಿನಿಮಾ ಕಾರ್ಯಕ್ರಮ ಎಂಬುದರ ಗುರುತಿಗೆ ಮೂಲೆಯಲ್ಲಿ ಈಗ ಯಾರೂ ಬಳಸದ ಒಂದು ರೀಲಿನ ಸುರುಳಿ. ಅದರ ಕೆಳಗೆ, ಹೂಕುಂಡಗಳ ಹಿಂದೆ ಸರಿಯಾಗಿ ಅಡಗುವಂತೆ, ಚಿತ್ರ ಮಾಡಿದ ಮಕ್ಕಳ ಹೆಸರುಗಳು ಇರುವೆ ಸಾಲಿನ ಹಾಗೆ. ಬಣ್ಣಗಾರಿಕೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಅಧ್ಯಕ್ಷರ ಕೆನ್ನೆಗೆ ಅಷ್ಟು ಗುಲಾಬಿ ಬಣ್ಣ ಅವರ ಮದುವೆಯ ದಿನವೂ ಬಂದಿರಲಾರದು. ಸಣ್ಣ ತೊಡಕೆಂದರೆ ಒಂದೇ: ತಮ್ಮನ್ನು ಪರದೆಯ ಚೌಕಟ್ಟಿಗೇ ತಂತಿಯಿಂದ ಮೂಲೆ ಮೂಲೆಗೂ ಬಿಗಿದು ಕಟ್ಟಿದ್ದರು. ವೇದಿಕೆಯಲ್ಲಿ ಕಟ್ಟಲು ಆಸರೆ ಇರುವ ಜಾಗ ಅದೊಂದೇ ಎಂದು ಕಟ್ಟಿದವರು ಹೇಳಿ ಹೋಗಿದ್ದರಂತೆ.

ನಮ್ಮ ಆಡಳಿತಾಧಿಕಾರಿ ಸಿದ್ರಾಮಪ್ಪನವರೇ ತಮ್ಮನ್ನು ಮಾಡಿಸಿ ತಂದವರು. ಉದ್ಘಾಟನೆ ಮುಗಿದ ಕೂಡಲೇ ಇದನ್ನು ಇಳಿಸಿಬಿಡೋಣ ಎಂದು ನಾನು ವಿನಂತಿಸಿಕೊಂಡಾಗ ಅವರು ಎದೆ ಮುಟ್ಟಿಕೊಂಡು, “ಅಧ್ಯಕ್ಷರು ಹಾಲ್‌ನಲ್ಲಿ ಇರೋವರ್ಗೂ ಕೈ ಹಾಕೋ ಹಾಗಿಲ್ಲ ಮೇಡಂ. ಅವರ ಕಣ್ಮುಂದೇನೇ ಅವರ ಫೋಟೋ ಬಿಚ್ಚೋದು ಅಂದ್ರೆ ಏನ್ ಚೆನ್ನಾಗಿರುತ್ತೆ ಹೇಳಿ” ಎಂದರು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಬರೆದಿಟ್ಟ ನಿಯಮಗಳಿಗಿಂತ ಹೆಚ್ಚು ಶ್ರದ್ಧೆಯಿಂದ ನಾವು ಪಾಲಿಸುವ ಪದ್ಧತಿ: ಗಣ್ಯರ ಕಾರು ಗೇಟು ದಾಟಿದ ಮೇಲೆಯೇ ಬ್ಯಾನರಿನ ಗಂಟು ಬಿಚ್ಚುವುದು. ನಾನೂ ಹೆಚ್ಚು ವಾದಿಸಲಿಲ್ಲ, ಏಕೆಂದರೆ ನನಗೆ ಇನ್ನೊಂದು ಪದ್ಧತಿಯ ಮೇಲೆ ಅಪಾರ ನಂಬಿಕೆಯಿತ್ತು. ದೀಪ ಹಚ್ಚಿ, ಭಾಷಣ ಮಾಡಿ, ಶಾಲು ಹೊದಿಸಿಕೊಂಡ ಗಣ್ಯರು, ಬೇರೊಂದು ಕಾರ್ಯಕ್ರಮವಿದೆ ಎಂದು ಹೇಳಿ ಎದ್ದು ಹೋಗುವ ಪದ್ಧತಿ.

ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಫ್ಯಾನಿನ ಗಾಳಿಗೆ ಆರಿದ ದೀಪವನ್ನು ಮತ್ತೆ ಮತ್ತೆ ಹಚ್ಚಿದ್ದಾಯಿತು, ಸ್ವಾಗತಿಸಿದವರನ್ನೇ ಇನ್ನೊಬ್ಬರು ಸ್ವಾಗತಿಸಿದ್ದೂ ಆಯಿತು. ಕಡೆಗೆ ಅಧ್ಯಕ್ಷರು ಮೈಕಿನ ಮುಂದೆ ಬಂದು, ಚಿಕ್ಕಂದಿನಲ್ಲಿ ಟೆಂಟಿನಲ್ಲಿ ಸಿನಿಮಾ ನೋಡಿದ್ದನ್ನು ನೆನೆಯುತ್ತ ನೆನೆಯುತ್ತ ಗದ್ಗದಿತರಾಗಿ, “ಇವತ್ತು ನಾನು ಎಲ್ಲೂ ಹೋಗಲ್ಲ, ಮಕ್ಕಳ ಸಿನಿಮಾ ಪೂರ್ತಿ ನೋಡ್ಕೊಂಡೇ ಹೋಗ್ತೀನಿ” ಎಂದು ಘೋಷಿಸಿ ಮೊದಲ ಸಾಲಿನ ಸೋಫಾದಲ್ಲಿ ಕೂತುಬಿಟ್ಟರು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಕಾರ್ಯಕ್ರಮವನ್ನು ಕೊನೆಯವರೆಗೂ ಕೂತು ನೋಡುತ್ತೇನೆಂದ ಗಣ್ಯರು ಇವರೊಬ್ಬರೇ, ಮತ್ತು ಅಂಥ ಅಪರೂಪದ ಮನುಷ್ಯ ಯಾವಾಗ ಎದ್ದು ಹೋಗುತ್ತಾರೋ ಎಂದು ನಾನು ದೇವರಿಗೆ ಹರಕೆ ಹೊರುವಂತಾಯಿತು.

ಹಾಗಾಗಿ ಚಿತ್ರಗಳು ತಮ್ಮ ಮೇಲೆಯೇ ಬಿದ್ದವು. ಅನಿಕೇತನ ದೆವ್ವದ ಚಿತ್ರದಲ್ಲಿ ಹಾಳುಬಾವಿಯಿಂದ ಏಳಬೇಕಾದ ಹೆಣ್ಣುದೆವ್ವ ಅಧ್ಯಕ್ಷರ ಮುಗಿದ ಕೈಗಳ ನಡುವಿಂದ ಎದ್ದು, ಅವರ ಗುಲಾಬಿ ಕೆನ್ನೆ ಸವರಿ, ಹಣೆಯ ಕುಂಕುಮದಲ್ಲಿ ಮಾಯವಾಯಿತು. ಹೆದರಬೇಕಾದ ಮಕ್ಕಳು ಕುರ್ಚಿ ಕುಟ್ಟಿ ನಕ್ಕರು; ಆ ದೆವ್ವಕ್ಕಾಗಿ ನಿದ್ದೆಗೆಟ್ಟಿದ್ದ ಅನಿಕೇತ್ ಪ್ರೊಜೆಕ್ಟರಿನ ಪಕ್ಕ ತಲೆಯ ಮೇಲೆ ಕೈಹೊತ್ತು ಕೂತ. ಎರಡನೆಯದು ರಕ್ಷಾ ಎಂಬ ಹುಡುಗಿಯ ಪ್ರೇಮಕಥೆ. ಜಕ್ಕೂರು ಕೆರೆಯ ಏರಿಯ ಮೇಲೆ ಜೋಡಿಯೊಂದು ಅಗಲುವ ದೃಶ್ಯದಲ್ಲಿ ನಾಯಕಿಯ ಕಣ್ಣೀರು ನೇರವಾಗಿ ಅಧ್ಯಕ್ಷರ ಮೀಸೆಗಿಳಿಯಿತು, ನಾಯಕ ಖಜಾಂಚಿಗಳ ಹೆಗಲಿಗೆ ಒರಗಿ ಬಿಕ್ಕಿದ. ಮುನಿಯಣ್ಣನವರು ಕೊಟ್ಟ ಮಾತಿನಂತೆ ಚಟ್ನಿ ರುಬ್ಬದೆ ನಿಲ್ಲಿಸಿದ್ದರಿಂದ ಮಕ್ಕಳ ನಗು ಕಾಂಪೌಂಡಿನಾಚೆಗೂ ಸ್ಪಷ್ಟವಾಗಿ ಕೇಳಿಸಿತಂತೆ. ನಗದೆ, ಕಣ್ಣು ಮಿಟುಕಿಸದೆ ನೋಡಿದವರು ಅಧ್ಯಕ್ಷರೊಬ್ಬರೇ. ಚಿತ್ರ ಮುಗಿದ ಮೇಲೆ ಅವರು ಸಿದ್ರಾಮಪ್ಪನವರ ಕಡೆ ಬಾಗಿ, “ಎಲ್ಲಾ ಸಿನಿಮಾದಲ್ಲೂ ನನ್ನನ್ನ ಸೇರ್ಸಿದಾರಲ್ರೀ, ಹುಡುಗ್ರು ಪರವಾಗಿಲ್ಲ” ಎಂದು ತೃಪ್ತಿಯಿಂದ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಆ ಹೊತ್ತಿನಲ್ಲಿ ತಮ್ಮನ್ನು ಕೇಳಿಕೊಳ್ಳಬೇಕೆನಿಸಿದ್ದನ್ನು ತಡವಾಗಿಯಾದರೂ ಈಗ ಬರವಣಿಗೆಯಲ್ಲಿ ಸಲ್ಲಿಸುತ್ತಿದ್ದೇನೆ. ದೀಪಗಳು ಆರಿದ ಕೂಡಲೇ ತಾವು ಉಸಿರು ಬಿಗಿಹಿಡಿದು ಒಂದು ಕರವಸ್ತ್ರದಷ್ಟಾಗಿ, ವಂದನಾರ್ಪಣೆಯ ಹೊತ್ತಿಗೆ ಮತ್ತೆ ಮೊದಲಿನಂತೆ ಹಿಗ್ಗಲು ಸಾಧ್ಯವೇ? ಅದು ತಮ್ಮ ಘನತೆಗೆ ಕುಂದೆನಿಸಿದರೆ, ತಮ್ಮ ಮೇಲಿರುವ ಗಣ್ಯರೆಲ್ಲ ಸಾಲಾಗಿ ಇಳಿದು ಪಕ್ಕದ ಕುರ್ಚಿಗಳಲ್ಲಿ ಕೂತು ಚಿತ್ರ ನೋಡಿ, ಮುಗಿದ ಮೇಲೆ ತಂತಮ್ಮ ಅಳತೆಗೆ ತಕ್ಕಂತೆ ಹತ್ತಿ ನಿಲ್ಲುವ ಏರ್ಪಾಡಾದರೂ ಆಗಬಹುದೇ? ಅದೂ ಕಷ್ಟವೆಂದಾದರೆ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಸಾವಿರಾರು ಜನಕ್ಕೆ ನೋಡಲು ಏನೂ ಇರುವುದಿಲ್ಲವಾದ್ದರಿಂದ, ತಾವು ಅಷ್ಟು ಹೊತ್ತು ಅಲ್ಲಿ ಹೋಗಿ ನಿಂತು ಬಂದರೆ ಬಸ್ಸಿನ ಟಿಕೇಟನ್ನು ನಾನೇ ತೆಗೆಸುತ್ತೇನೆ. ತಾವು ಹೆಂಗಸೆಂದು ಒಪ್ಪಿಕೊಂಡರೆ ಅದೂ ಬೇಕಾಗಿಲ್ಲ.

ಮೂರನೆಯ ಚಿತ್ರ ಅಕ್ಷಯಾಳದು. ಅವಳು ನನ್ನ ಬಳಿ ಬಂದು ನೆಲ ನೋಡುತ್ತ, “ನನ್ನ ಪಿಚ್ಚರ್ ಹಾಕಬ್ಯಾಡ್ರಿ ಮೇಡಂ. ನಮ್ಮವ್ವನ ಮಾರಿ ಅವರ ಮೀಸಿ ಮ್ಯಾಲ ಬಿದ್ದು ಎಲ್ಲಾರೂ ನಗೂದು ನನಗ ನೋಡಾಕ ಆಗಂಗಿಲ್ಲ” ಎಂದಳು. ನೀಲಕ್ಕ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಏಳುವುದೋ ಬೇಡವೋ ಎಂಬಂತೆ ಕುರ್ಚಿಯ ತುದಿಯಲ್ಲಿ ಕೂತು ಮಗಳ ಕಡೆಗೇ ನೋಡುತ್ತಿದ್ದರು. ಈಗ ಹಾಕದಿದ್ದರೆ ಆ ತಾಯಿ ನೋಡುವುದಿಲ್ಲ. ಹಾಕಿದರೆ ಅವರನ್ನು ನೋಡಿ ಇಡೀ ಸಭಾಂಗಣ ನಗುತ್ತದೆ, ಅದನ್ನೂ ಅವರು ಅಲ್ಲೇ ಕೂತು ನೋಡಬೇಕು. ಮಾನ್ಯರೇ, ಆಗ ನನಗೆ ತಮ್ಮ ಮೇಲೆ ಬಂದ ಕೋಪವನ್ನು ನಯವಾದ ಭಾಷೆಯಲ್ಲಿ ಬರೆಯುವಷ್ಟು ಕನ್ನಡ, ಅದನ್ನೇ ಪಾಠ ಮಾಡುವವಳಾದರೂ, ನನಗೆ ಬರುವುದಿಲ್ಲ.

ಆ ಕೋಪದಲ್ಲಿಯೇ ಕತ್ತರಿ ಹುಡುಕುತ್ತ ವೇದಿಕೆಯ ಪಕ್ಕಕ್ಕೆ ನುಗ್ಗಿದವಳು, ಕತ್ತರಿ ಸಿಗದೆ ತಮ್ಮ ಅಂಚನ್ನೇ ಹಿಡಿದು ಜಗ್ಗಿದೆ. ಆಗ ತಮ್ಮ ಬೆನ್ನಿನ ದರ್ಶನವಾಯಿತು. ಅಲ್ಲಿ ಅಧ್ಯಕ್ಷರಿಲ್ಲ, ಕಾರ್ಯದರ್ಶಿಗಳಿಲ್ಲ, ಸ್ವಾಗತ ಕೋರುವವರು ಯಾರೂ ಇಲ್ಲ. ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗಿತ್ತು. ತಮ್ಮನ್ನು ಇಳಿಸುವುದು ಅಪಚಾರ, ಸರಿ. ತಿರುಗಿಸುವುದರ ಬಗ್ಗೆ ಯಾವ ಪದ್ಧತಿಯೂ ಏನೂ ಹೇಳಿರಲಿಲ್ಲ.

ನಾನು ಮೈಕ್ ಹಿಡಿದು, ಇಷ್ಟು ವರ್ಷ ಕಾರ್ಯಕ್ರಮಗಳ ನಿರೂಪಣೆ ಮಾಡಿ ಕಲಿತ ಅಷ್ಟೂ ಕನ್ನಡವನ್ನು ಒಟ್ಟುಗೂಡಿಸಿ, ಪ್ರೊಜೆಕ್ಟರಿನ ಪ್ರಖರ ಬೆಳಕು ಸತತವಾಗಿ ಬೀಳುತ್ತಿರುವುದರಿಂದ ಮಾನ್ಯ ಅಧ್ಯಕ್ಷರ ಭಾವಚಿತ್ರದ ಬಣ್ಣ ಮಾಸುವ ಆತಂಕವಿದೆಯೆಂದೂ, ಅವರ ಮುಖಕಾಂತಿಯನ್ನು ಕಾಪಾಡುವ ಸಲುವಾಗಿ ಬ್ಯಾನರನ್ನು ಒಳಮುಖವಾಗಿ ತಿರುಗಿಸಲು ಸಭೆಯ ಅಪ್ಪಣೆ ಬೇಡುತ್ತಿದ್ದೇವೆಂದೂ ಅರಿಕೆ ಮಾಡಿಕೊಂಡೆ. ಸಿದ್ರಾಮಪ್ಪನವರ ಮುಖ ಮೊದಲು ಬಿಳುಚಿತು, ಆಮೇಲೆ ಅವರೇ ಎದ್ದು, “ಹೌದು ಹೌದು, ಕಲರ್ ಹೋಗ್ಬಿಡುತ್ತೆ, ಬೇಗ ತಿರುಗ್ಸ್ರೋ” ಎಂದು ಹುಡುಗರನ್ನು ಅವಸರಪಡಿಸಿದರು. ಅಧ್ಯಕ್ಷರು ಸೋಫಾದಿಂದಲೇ ಕೈಮುಗಿದು ನನ್ನ ಕಾಳಜಿಗೆ ಕೃತಜ್ಞತೆ ಸೂಚಿಸಿದರು. ಹುಡುಗರು ತಂತಿ ಬಿಚ್ಚಿ, ತಮ್ಮ ಮಗ್ಗುಲು ಬದಲಿಸಿ, ಮತ್ತೆ ಕಟ್ಟುವಷ್ಟರಲ್ಲಿ ನೀಲಕ್ಕ ಬ್ಯಾಗು ಹೆಗಲಿಗೇರಿಸಿ ಬಾಗಿಲ ಬಳಿ ಹೋಗಿ ನಿಂತಾಗಿತ್ತು.

ನಾನೂ ಅಕ್ಷಯಾಳೂ ಓಡಿ ಹೋಗಿ ಅವರ ಪಕ್ಕ ನಿಂತೆವು; ಅವರು ಅಲ್ಲೇ ನಿಂತು ನೋಡಿದರು. ತಮ್ಮ ಬೆನ್ನಿನ ಮೇಲೆ ನೀಲಕ್ಕ, ಅಧ್ಯಕ್ಷರಷ್ಟೇ ಎತ್ತರವಾಗಿ, ಸೊಪ್ಪಿನ ರಾಶಿಗಳ ನಡುವೆ ಬೀಸುಗಾಲಿನಲ್ಲಿ ನಡೆದು ಬರುತ್ತಿದ್ದರು. ದಾರಿಹೋಕನೊಬ್ಬನ ತೋಳಿನ ಹೊಲಿಗೆ ಅವರಿಗೆ ಮೆಚ್ಚಿಗೆಯಾಗದೆ ಹಿಂದಿರುಗಿ ನೋಡುವ ಕಡೆ ಮಕ್ಕಳು ನಕ್ಕರು, ಆ ನಗು ನಾವು ಇಷ್ಟು ಹೊತ್ತು ಕೇಳಿದ ನಗುವಾಗಿರಲಿಲ್ಲ. ಬಾಗಿಲಲ್ಲಿ ನಿಂತ ನೀಲಕ್ಕನೂ ಸೆರಗು ಬಾಯಿಗಿಟ್ಟು ನಕ್ಕರು. ಬೇರೆಯವರ ತೋಳು ನೋಡುವುದರಲ್ಲೇ ದಿನ ಕಳೆದ ಹೆಂಗಸು ತನ್ನನ್ನು ತಾನು ನೋಡುತ್ತ ನಿಂತದ್ದನ್ನು ಕಂಡು ನನಗೆ ಅಳು ಬಂತು, ಕತ್ತಲಿದ್ದದ್ದು ಒಳ್ಳೆಯದೇ ಆಯಿತು. ಚಿತ್ರ ಮುಗಿದಾಗ ಅವರು ಪಕ್ಕದಲ್ಲಿದ್ದ ನನ್ನ ಕೈ ಹಿಡಿದು, “ನಾ ಇಷ್ಟ ಚಂದ ನಡಿತೀನಂತ ನನಗ ಗೊತ್ತ ಇರಲಿಲ್ಲ ನೋಡ್ರಿ” ಎಂದು ಹೇಳಿ, ಮಗಳ ಕೆನ್ನೆ ಸವರಿ ಬಸ್ಸಿಗೆ ಓಡಿದರು. ಬಿಡುವು ಮುಗಿಯುವ ಮೊದಲೇ ಮಷೀನಿನ ಮುಂದೆ ಕೂತರೆಂದು ಸಂಜೆ ಅಕ್ಷಯಾ ತಿಳಿಸಿದಳು.

ಉಳಿದ ನಾಲ್ಕು ಚಿತ್ರಗಳನ್ನೂ ತಾವು ಅದೇ ತಾಳ್ಮೆಯಿಂದ ಬೆನ್ನ ಮೇಲೆ ಹೊತ್ತಿರಿ. ತಮ್ಮ ಮುಂಭಾಗದ ಬಗ್ಗೆ ನನ್ನ ದೂರುಗಳು ಹಾಗೆಯೇ ಉಳಿದಿವೆ, ಆದರೆ ಹಿಂಭಾಗದಷ್ಟು ಉದಾರವಾದದ್ದನ್ನು ನಮ್ಮ ಕಾಲೇಜಿನ ವೇದಿಕೆಯ ಮೇಲೆ ನಾನು ಈವರೆಗೆ ಕಂಡಿಲ್ಲವೆಂದು ಮನಸ್ಸು ಬಿಚ್ಚಿ ಹೇಳುತ್ತೇನೆ.

ಇತಿ, ತಮ್ಮ ಬೆನ್ನಿನ ವಿಶ್ವಾಸಿ,
ಸತ್ಯವತಿ

ತಾ.ಕ.: ಮೂರನೆಯ ಚಿತ್ರದಿಂದ ಹಿಡಿದು ಯಾವುದರಲ್ಲೂ ತನ್ನನ್ನು ಯಾಕೆ ಸೇರಿಸಲಿಲ್ಲ ಎಂದು ಅಧ್ಯಕ್ಷರು ನೊಂದುಕೊಂಡರೆಂದೂ, ಆದ್ದರಿಂದ ಮುಂದಿನ ವರ್ಷದ ಫ್ಲೆಕ್ಸನ್ನು ಎರಡೂ ಬದಿಗೆ ಮುದ್ರಿಸಲು ಹೇಳಿಯಾಗಿದೆಯೆಂದೂ ಸಿದ್ರಾಮಪ್ಪನವರು ಸಂತೋಷದಿಂದ ತಿಳಿಸಿದ್ದಾರೆ. ಮಕ್ಕಳು ಮುಂದಿನ ಚಿತ್ರೋತ್ಸವವನ್ನು ಮತ್ತಿಕೆರೆಯಲ್ಲಿ, ನೀಲಕ್ಕನ ಬಾಡಿಗೆ ಮನೆಯ ಅಂಗಳದಲ್ಲಿ, ಸುಣ್ಣ ಹೊಡೆದ ಗೋಡೆಯ ಮೇಲೆ ನಡೆಸಲು ತೀರ್ಮಾನಿಸಿದ್ದಾರೆ. ಆ ಗೋಡೆಗೆ ಕ್ಯಾಲೆಂಡರ್ ತೂಗುಹಾಕಲು ಒಂದು ಮೊಳೆ ಹೊಡೆಯುವುದಕ್ಕೂ ಮನೆಯ ಮಾಲೀಕರಾದ ಮುನಿನಾರಾಯಣಮ್ಮನವರು ಇಷ್ಟು ವರ್ಷದಲ್ಲಿ ಯಾರಿಗೂ ಬಿಟ್ಟಿಲ್ಲವಂತೆ. ತಾವು ದಯವಿಟ್ಟು ಅಷ್ಟು ದೂರ ಬರುವ ಶ್ರಮ ತೆಗೆದುಕೊಳ್ಳಬೇಡಿ.