ಮೆನಿಫೋಲ್ಡಿನ ಎಂಟನೇ ಬೋಲ್ಟಿಗೆ

ಮಾನ್ಯ ಎಂಟನೇ ಬೋಲ್ಟ್ ಸಾಹೇಬರೇ,

ಪಾಣೆಮಂಗಳೂರಿನ ಲೋಕನಾಥನ ಗ್ಯಾರೇಜಿನಲ್ಲಿ, ಲಾರಿಯ ಮುಂದಿನ ಚಕ್ರದ ಪಕ್ಕ ಸ್ಟೂಲ್ ಹಾಕಿಕೊಂಡು, ಎಲೆ ಅಡಿಕೆಯ ಚೀಲವನ್ನು ಮಡಿಲಲ್ಲಿ ಬಿಚ್ಚಿಟ್ಟು ಕೂತಿರುವ ನೀಲಾವತಿಯ ಸಾವಿರ ನಮಸ್ಕಾರಗಳು. ನಾಲ್ಕು ದಿನ ಕೂತಲ್ಲಿಂದ ಕದಲದಿದ್ದ ತಾವು ಇಂದು ಮಧ್ಯಾಹ್ನದಿಂದ ಎಲ್ಲಿದ್ದೀರಿ ಎಂದು ಯಾರಿಗೂ ಗೊತ್ತಿಲ್ಲದ ಕಾರಣ, ವಿಳಾಸವಿಲ್ಲದ ಈ ಪತ್ರವನ್ನು ಊರಿಗೆಲ್ಲ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಮಗ ಶೇಖರನ ಲಾರಿಗೆ ಇಪ್ಪತ್ತೆಂಟು ವರ್ಷ. ಕಂಡವರ ಮದುವೆಗೆಲ್ಲ ಕೊಪ್ಪರಿಗೆ, ಒಲೆ, ಕುರ್ಚಿ ಹೊತ್ತದ್ದು ಅದೇ. ಈ ಭಾನುವಾರ ವೇಣೂರಿನಲ್ಲಿ ಅವನ ಸ್ವಂತ ಮಗಳು ವಿಜೇತಾಳ ಮದುವೆ ಎನ್ನುವಾಗ, ಇಂಜಿನಿನ ಹೊಗೆಯನ್ನು ಸೈಲೆನ್ಸರಿಗೆ ದಾಟಿಸುವ ಮೆನಿಫೋಲ್ಡ್ ಬಿರುಕು ಬಿಟ್ಟು, ಹೊಗೆಯೆಲ್ಲ ಡ್ರೈವರನ ಮೂಗಿಗೇ ಬರತೊಡಗಿತು. ಒಳ್ಳೆಯ ಮುಹೂರ್ತದ ದಿನ. ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಬಾಡಿಗೆಗೆ ಒಂದು ಲಾರಿ ಇಲ್ಲ. ಕೊಪ್ಪರಿಗೆ ಹೋಗದಿದ್ದರೆ ಆರುನೂರು ಜನರ ಅನ್ನವನ್ನು ಮದುಮಗಳ ತಲೆಬಿಸಿಯಲ್ಲೇ ಬೇಯಿಸಬೇಕು.

ತಮ್ಮ ಸಂಗಡಿಗರು ಏಳು ಮಂದಿ ಮಂಗಳವಾರವೇ ಮರ್ಯಾದೆಯಿಂದ ಹೊರಗೆ ಬಂದರು. ಅವರಿಗಿಂತ ಅರ್ಧ ಇಂಚು ಉದ್ದವಿರುವ ತಾವು ಮಾತ್ರ, ಕುರ್ಚಿ ಸಿಕ್ಕಿದ ಪಂಚಾಯತ್ ಸದಸ್ಯರ ಹಾಗೆ ಕೂತಿರಿ. ತುಕ್ಕು ಬಿಡಿಸುವ ಎಣ್ಣೆಯನ್ನು ತೀರ್ಥದ ಹಾಗೆ ಕುಡಿದಿರಿ; ಸುತ್ತಿಗೆಯ ಪೆಟ್ಟನ್ನು ಬೆನ್ನು ತಿಕ್ಕಿದ ಹಾಗೆ ಅನುಭವಿಸಿದಿರಿ. ದಿಕ್ಕು ತೋಚದ ಶೇಖರ ನಮ್ಮ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದ ಹರಕೆ ಹೇಳಿಕೊಂಡ. ಅಜ್ಜ ಹುಡುಕಿಕೊಡುವುದು ಕಳೆದುಹೋದದ್ದನ್ನು, ಇದು ಕಳೆದೇ ಹೋಗುವುದಿಲ್ಲವಲ್ಲ ಎಂದು ನಾನು ಬೈದೆ.

ಇಂದು ಲೋಕನಾಥ ಗ್ಯಾಸಿನ ಬೆಂಕಿಯಲ್ಲಿ ತಮ್ಮನ್ನು ಕೆಂಪಾಗಿಸಿ, ಸುತ್ತ ಮೇಣದ ಬತ್ತಿ ಕರಗಿಸಿ, ಆರುವ ತನಕ ಕಾದು ತಿರುಗಿಸಿದ; ಜಪ್ಪಯ್ಯ ಎಂದರೂ ತಾವು ಕದಲಲಿಲ್ಲ. ಆಗ ನಾನು, ಬಿಡಿಸಬೇಡ, ಮೊದಲು ಬಿಗಿ ಮಾಡು ಎಂದೆ.

“ಇನ್ನೂ ಬಿಗಿ ಮಾಡುವುದಾ ದೊಡ್ಡಮ್ಮ? ನಿಮಗೆ ಬಿಸಿಲು ತಾಗಿದೆಯಾ?”

“ಒಂದು ಕೂದಲಿನಷ್ಟು ಮಾಡು ಮಾರಾಯ. ಗೆದ್ದೆ ಅಂತ ಅದಕ್ಕೆ ಅನ್ನಿಸಲಿ.”

ನನ್ನ ಯಜಮಾನರು ಗುರುವಪ್ಪ ಪೂರ್ವಕ್ಕೆ ಹೊರಟರೆ ನಾನೂ ಎರಡು ಹೆಜ್ಜೆ ಪೂರ್ವಕ್ಕೆ ನಡೆದು, ಆಮೇಲೆಯೇ ಅವರನ್ನು ಪಶ್ಚಿಮಕ್ಕೆ ತಿರುಗಿಸುತ್ತಿದ್ದದ್ದು. ನಲವತ್ತು ವರ್ಷ ಅವರಿಗೆ ಗೊತ್ತಾಗಲಿಲ್ಲ. ತಮಗೂ ಗೊತ್ತಾಗಲಿಲ್ಲ. ಕಿರ್ರೆಂದು ಹೊರಗೆ ಬಂದಿರಿ. ಲೋಕನಾಥ ಖುಷಿಯಲ್ಲಿ ಎರಡೂ ಕೈ ಎತ್ತಿ ಕುಣಿದ. ಅವನ ಕೈಯಿಂದ ತಾವು ಹಾರಿದಿರಿ, ಮತ್ತೆ ಕಾಣಲಿಲ್ಲ. ಬೆಂಕಿ ತಿಂದ ತಮ್ಮನ್ನು ಹೊಸ ಮೆನಿಫೋಲ್ಡಿಗೆ ಹಾಕುವ ಹಾಗಿಲ್ಲ; ತಮ್ಮನ್ನು ನಮೂನೆಗೆ ತೋರಿಸದೆ ಆ ಉದ್ದದ ಹೊಸ ಬೋಲ್ಟ್ ಕೊಡುವುದಿಲ್ಲವೆಂದು ಬಂಟ್ವಾಳದ ಅಂಗಡಿಯವನ ಹಠ. ಏಳಕ್ಕೆ ಅವನು ಬಾಗಿಲು ಹಾಕಿದರೆ, ಮತ್ತೆ ತೆರೆಯುವುದು ಸೋಮವಾರ.

ಆದ್ದರಿಂದ ದಯವಿಟ್ಟು ಬನ್ನಿ. ಮದುವೆಯಲ್ಲಿ ಮುಂದಿನ ಸಾಲಿನ ಕುರ್ಚಿ ತಮಗೇ. ವಾರಕ್ಕೊಮ್ಮೆ ಉದುರುವ ನನ್ನ ಕನ್ನಡಕದ ತಿರುಪಿಗೆ ತಾವು ಪಾಠ ಹೇಳಬೇಕು. ಮದುಮಗನಿಗೂ ಸ್ಥಿರತೆಯ ಬಗ್ಗೆ ಎರಡು ಮಾತು ಹೇಳಬೇಕು. ಹೆಂಡತಿ ತಿರುಗಿಸಿದಾಗ ತಿರುಗಬೇಕು ಎಂಬ ಮೂರನೆಯ ಮಾತನ್ನು ನಾನೇ ಹೇಳುತ್ತೇನೆ.

ಇಷ್ಟು ಕಾಡಿಸಿಕೊಂಡರೂ ತಮ್ಮ ವಿಶ್ವಾಸಿ,
ನೀಲಾವತಿ

ಮರುಟಿಪ್ಪಣಿ: ಸಹಿ ಹಾಕಿ, ಒಂದು ವೀಳ್ಯ ಹಾಕುವ ಎಂದು ಚೀಲಕ್ಕೆ ಕೈ ಹಾಕಿದರೆ, ಸುಣ್ಣದ ಡಬ್ಬಿಗೆ ಒರಗಿ ತಾವು ಕೂತಿದ್ದೀರಿ. ಅಜ್ಜನ ಕ್ಷಮೆ ಕೇಳಿದ್ದೇನೆ, ಚಕ್ಕುಲಿ ನಾಳೆಯೇ. ಲಾರಿಯ ಅಡಿಯಲ್ಲಿ ತೆವಳಿಕೊಂಡು ತಮ್ಮನ್ನು ಹುಡುಕುತ್ತಿರುವ ಶೇಖರ, ಲೋಕನಾಥ ಇಬ್ಬರಿಗೂ ತಿಳಿಸುತ್ತೇನೆ. ಅಂಗಡಿ ಮುಚ್ಚಲು ಇನ್ನೂ ಒಂದು ಗಂಟೆ ಉಂಟು. ಈ ವೀಳ್ಯ ಜಗಿದು ಮುಗಿಯಲಿ, ಅಲ್ಲಿಯವರೆಗೆ ತೆವಳಲಿ. ಬಿಸಿಲು ತಾಗಿದೆಯಾ ಎಂದು ಕೇಳಿದ್ದು ಲೋಕನಾಥನೇ ಅಲ್ಲವೇ.