ಗಂಗಾಧರಸ್ವಾಮಿ ಮೇಷ್ಟರ ಹಲ್ಲಿ ಸಂರಕ್ಷಣೆ

ಆ ಭಾನುವಾರ ಬೆಳಿಗ್ಗೆ ತೆರಕಣಾಂಬಿಯ ಗಂಗಾಧರಸ್ವಾಮಿ ಮೇಷ್ಟರ ಮನೆಯ ಬೀರು ಲೊಚಗುಟ್ಟಿತು.

ಗೋಡೆ ಲೊಚಗುಟ್ಟಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಚಿಕ್ಕಬೀರಯ್ಯ ಪೇಪರ್ ಓದುವ ನೆಪದಲ್ಲಿ ಬಂದು ಕೂತು, "ಮಗಳ್ಗೆ ಕುದೇರಿಂದ ಸಂಬಂದ ಬಂದದೆ ಮೇಷ್ಟ್ರೇ, ಒಪ್ಕೊಂಬುಡನ ಅಂತಿವ್ನಿ" ಎನ್ನುವುದಕ್ಕೂ, ಬೀಗ ಹಾಕಿದ ಬೀರುವಿನೊಳಗಿಂದ ಲೊಚ್ ಲೊಚ್ ಲೊಚ್ ಎನ್ನುವುದಕ್ಕೂ ಸರಿಹೋಯಿತು. ಚಿಕ್ಕಬೀರಯ್ಯ ಭಕ್ತಿಯಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಎಂದ. ಆಮೇಲೆ ಅನುಮಾನ ಬಂತು.

"ಹಲ್ಲಿಯ ಬೀರೊಳ್ಗೆ ಯಾಕೆ ಮಡ್ಗಿದ್ದರಿ?"

"ಹಲ್ಲಿ ಎಲ್ಲಿ ಬಂತು? ಅದು ಬೀಗ ತುಕ್ಕು ಹಿಡಿದು..." ಎಂದು ಮೇಷ್ಟರು ಶುರು ಮಾಡುವಷ್ಟರಲ್ಲಿ ಹೆಂಡತಿ ಗಂಗಾಂಬಿಕೆ ಅಡುಗೆಮನೆಯಿಂದ ಕೂಗಿದರು: "ರೀ, ಪುಟ್ಟಿಗೆ ಜಿರಲೆ ಹಾಕುದ್ರಾ?"

ಪುಟ್ಟಿ ಎಂದರೆ ಗುಂಡ್ಲುಪೇಟೆ ದಾರಿಯ ಕಲ್ಲುಗುಡ್ಡದಲ್ಲಿ ಮೇಷ್ಟರಿಗೆ ಸಿಕ್ಕಿದ ಕಾಡುಹಲ್ಲಿ. ಬಂಗಾರದ ಮೈ, ಬೆನ್ನ ತುಂಬ ಕಪ್ಪು ಚುಕ್ಕೆ, ಅರ್ಧ ತುಂಡಾದ ಬಾಲ. ಬಲು ಅಪರೂಪದ್ದು. ಕಾಯ್ದೆ ಪ್ರಕಾರ ಹಿಡಿಯುವಂತಿಲ್ಲ, ಸಾಕುವಂತಿಲ್ಲ. ಮೇಷ್ಟರಿಗೆ ಇದು ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ಅವರು ವಿಜ್ಞಾನದ ಮೇಷ್ಟರು. ಹೋದ ವರ್ಷ ಎದುರುಮನೆ ರಾಚಮ್ಮನ ಗಿಳಿಯನ್ನು ಪಂಜರದಿಂದ ಬಿಡಿಸಿ, ಕಾಡಿನ ಜೀವವನ್ನು ಕೂಡಿಹಾಕುವುದು ಮಹಾಪಾಪ ಎಂದು ನಡುಬೀದಿಯಲ್ಲಿ ಭಾಷಣ ಬಿಗಿದವರೂ ಅವರೇ. ಆದರೆ ಪುಟ್ಟಿ ಕಂಡೊಡನೆ ಇಷ್ಟವಾಗಿಬಿಟ್ಟಿದ್ದಳು. ಭಾಷಣ ಮಾಡುವವರಿಗೂ ಆಸೆ ಅನ್ನುವುದು ಇರುತ್ತದಲ್ಲ.

ಕಾಫಿ ಆರುವುದರೊಳಗೆ ಸುದ್ದಿ ಬೀದಿ ದಾಟಿತು. ರಾಚಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ ಬೀದಿಯೇ ನಿಂತಿತ್ತು.

"ಅಲ್ಲ ಮೇಷ್ಟ್ರೇ, ನಾನು ಗಿಣಿ ಸಾಕುದ್ರೆ ಪಾಪ, ನೀವು ಹಲ್ಲಿ ಸಾಕುದ್ರೆ ಏನು?"

ಮೇಷ್ಟರ ಕಿವಿ ಬಿಸಿಯಾಯಿತು. ಕೆಲಸ ಹೋಗುವುದು ಆಮೇಲಿನ ಮಾತು, ಮೊದಲು ಈ ಬೀದಿಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ? ಆದರೆ ಪಾಠ ಮಾಡಿ ಪಳಗಿದ ಬಾಯಿ. ತೆರೆದರೆ ಸಾಕು, ವಿಷಯ ತಾನಾಗಿ ಬರುತ್ತದೆ.

"ಇದು ಸಾಕೋದಲ್ಲಮ್ಮಾ, ಸಂರಕ್ಷಣೆ! ಗುಂಡ್ಲುಪೇಟೆ ದಾರಿ ಕಲ್ಲುಗುಡ್ಡದಲ್ಲಿ ಇವು ಹದ್ದು, ಹಾವಿನ ಬಾಯಿಗೆ ಬಿದ್ದು ನಿರ್ನಾಮ ಆಗ್ತಾ ಇವೆ. ಮನೆಗೆ ತಂದು ಕಾಪಾಡಿದ್ರೆ ದೊಡ್ಡ ಪುಣ್ಯ. ಒಬ್ಬ ನಾನು ಎಷ್ಟು ಅಂತ ಕಾಪಾಡ್ಲಿ?"

ಕೊನೆಯ ಮಾತಿಗೆ ಅವರ ಕಣ್ಣೇ ತೇವವಾಯಿತು. ಎಷ್ಟು ಚೆನ್ನಾಗಿ ಹೇಳಿದೆ ಎಂದು ತಮ್ಮನ್ನು ತಾವೇ ಮೆಚ್ಚಿಕೊಂಡರು. ರಾಚಮ್ಮನೂ ಮೆತ್ತಗಾಗಿ, "ಅಯ್ಯೋ ಪಾಪ ಕಣಿ" ಎಂದಳು.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಚಿಕ್ಕಬೀರಯ್ಯನಿಗೆ ಉಪಕಾರ ಮಾಡುವ ಹುಮ್ಮಸ್ಸು ಬಂತು. "ನಮ್ ಬಾಮೈದ ಸುಧಾಕರ ಫಾರೆಸ್ಟ್ ಗಾರ್ಡು ಕಣಿ. ಸಂದ್ಯಾಕೆ ಬಾ ಅಂತ ಪೋನ್ ಮಾಡ್ಬುಟ್ಟೆ. ನಿಮ್ ಸಂರಕ್ಷಣೆ ಅವ್ನೂ ನೋಡ್ಲಿ!"

ಮೇಷ್ಟರು ತಡಮಾಡಲಿಲ್ಲ. ಜನ ಚದುರಿದ ಕೂಡಲೇ ಪುಟ್ಟಿಯನ್ನು ಟಿಫಿನ್ ಡಬ್ಬಿಗೆ ಹಾಕಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಪಾಪ, ಗಾಳಿಯಾಡಲಿ ಎಂದು ಮುಚ್ಚಳ ಒಂದಿಷ್ಟು ಸರಿಸಿದ್ದೇ ತಪ್ಪಾಯಿತು. ಪುಟ್ಟಿ ಚಂಗನೆ ನೆಗೆದು ಕಂಡಕ್ಟರನ ಬಲಭುಜದ ಮೇಲೆ ಕೂತಳು. ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಬಲಭುಜಕ್ಕೆ ಬಿದ್ದರೆ ಜಯ ಎಂದು ಒಬ್ಬರು, ತಲೆಗೆ ಸ್ನಾನ ಮಾಡಲೇಬೇಕೆಂದು ಇನ್ನೊಬ್ಬರು. ಕಂಡಕ್ಟರನಿಗೆ ಜಯವೇ ಹಿಡಿಸಿತು. "ಯಾರೂ ಮುಟ್ಬ್ಯಾಡಿ, ಒಸಿ ಒತ್ತು ಕೂತ್ಕಳ್ಲಿ!" ಎಂದು ಭುಜ ಅಲುಗಿಸದೆ ಟಿಕೆಟ್ ಹರಿದ. ಅದು ತಮ್ಮದೆಂದು ಹೇಳುವ ಧೈರ್ಯವಿಲ್ಲದ ಮೇಷ್ಟರು ಇಳಿಯುವಾಗ ಅವನನ್ನು ಬಿಗಿಯಾಗಿ ತಬ್ಬಿ, ಪುಟ್ಟಿಯನ್ನು ಕಿತ್ತುಕೊಂಡು ಓಡಿದರು. ನೋಡಿದವರು ಬಲು ಹಳೆಯ ಸ್ನೇಹಿತರಿರಬೇಕು ಅಂದುಕೊಂಡರು.

ಗುಡ್ಡದ ಬಂಡೆಯ ಮೇಲೆ ಡಬ್ಬಿ ತೆರೆದಾಗ ಮೇಷ್ಟರಿಗೆ ನಿಜವಾಗಿಯೂ ದುಃಖವಾಯಿತು. "ಹೋಗು ಪುಟ್ಟಿ" ಎಂದರು. ಪುಟ್ಟಿ ಇನ್ನೊಂದು ಸಲ ಹೇಳಿಸಿಕೊಳ್ಳಲಿಲ್ಲ. ಬಿರುಕಿನೊಳಗೆ ನುಸುಳಿದವಳು ತಿರುಗಿ ಸಹ ನೋಡಲಿಲ್ಲ. ನನ್ನನ್ನು ಬಿಟ್ಟು ಇವಳು ಬದುಕುವುದಿಲ್ಲ ಎಂದು ಹೆಂಡತಿಯ ಹತ್ತಿರ ಎಷ್ಟು ಸಲ ಹೇಳಿದ್ದೆನಲ್ಲ ಎಂದು ನೆನೆದು ಮೇಷ್ಟರಿಗೆ ತಮ್ಮ ಮೇಲೆಯೇ ನಗು ಬಂತು. ರಾಚಮ್ಮನ ಗಿಳಿಯಾದರೂ ಹಾರುವ ಮುಂಚೆ ಪಂಜರದ ಮೇಲೆ ಒಂದು ಗಳಿಗೆ ಕೂತಿತ್ತು.

ಹಿಂದಿರುಗುವಾಗ ಎದುರಿಗೆ ಒಂದು ಲಗೇಜ್ ಆಟೊ ಬಂತು. ಅದರ ತುಂಬ ಅವರ ಬೀದಿಯ ಜನ. ಬೀಗರೂಟಕ್ಕೆ ಹೊರಟಿರಬೇಕೆಂದು ಮೇಷ್ಟರು ಬಸ್ಸಿನ ಕಿಟಕಿಯಿಂದ ಕೈ ಬೀಸಿದರು. ಅವರೂ ಎರಡೆರಡು ಕೈ ಬೀಸಿದರು.

ಸಂಜೆ ಗಾರ್ಡ್ ಸುಧಾಕರ ಬಂದಾಗ ಮೇಷ್ಟರು ಮಿಂದು, ವಿಭೂತಿ ಬಳಿದುಕೊಂಡು, ಜಗಲಿಯಲ್ಲಿ ಕೂತಿದ್ದರು.

"ಎಂಥದೋ ಹಲ್ಲಿ ಸಾಕಿದ್ದೀರಂತೆ ಸಾರ್?"

"ಹಲ್ಲಿನಾ? ನಾನಾ?" ಮೇಷ್ಟರು ನಕ್ಕರು. "ಬೀದಿ ಮಾತು ಕಟ್ಕೊಳ್ತೀರಲ್ಲ. ಬನ್ನಿ, ಮನೆಯೆಲ್ಲ ಹುಡುಕಿ. ಒಂದೇ ಒಂದು ಸಿಕ್ಕಿದ್ರೂ ನಾನೇ ಜೈಲಿಗೆ ಬರ್ತೀನಿ."

ಸುಧಾಕರ ಬೀರು ನೋಡಿದ, ಅಟ್ಟ ನೋಡಿದ, ಅಕ್ಕಿ ಡಬ್ಬವನ್ನೂ ಬಗ್ಗಿ ನೋಡಿದ. ಏನೂ ಸಿಗಲಿಲ್ಲ. "ತಪ್ಪು ತಿಳ್ಕೋಬೇಡಿ ಸಾರ್" ಎಂದು ಕೈ ಮುಗಿದು ಹೊರಟ. ಮೇಷ್ಟರು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು.

ಆಗ ಲಗೇಜ್ ಆಟೊ ಬಂದು ಮನೆಯ ಮುಂದೆ ನಿಂತಿತು.

ಮೊದಲು ರಾಚಮ್ಮ ಇಳಿದಳು, ಕೈಯಲ್ಲಿ ಉಪ್ಪಿನಕಾಯಿ ಭರಣಿ. ಹಿಂದೆ ಚಿಕ್ಕಬೀರಯ್ಯ, ಎರಡು ಹಾರ್ಲಿಕ್ಸ್ ಬಾಟಲಿ. ಅವನ ಹಿಂದೆ ಬೀದಿಗೆ ಬೀದಿಯೇ, ಒಬ್ಬೊಬ್ಬರ ಕೈಯಲ್ಲೂ ಡಬ್ಬಿ, ಜಾಡಿ, ನೀರಿನ ಬಾಟಲಿ. ಎಲ್ಲದರೊಳಗೂ ಬಂಗಾರದ ಮೈ, ಕಪ್ಪು ಚುಕ್ಕೆ. ರಾಚಮ್ಮನ ಭರಣಿಯಲ್ಲಿದ್ದದ್ದಕ್ಕೆ ಬಾಲ ಅರ್ಧವೇ ಇತ್ತು.

"ಒಂದೂ ಬುಡ್ದಂಗೆ ಇಡ್ಕೊಂಡ್ ಬಂದ್ಬುಟ್ಟೊ ಮೇಷ್ಟ್ರೇ!" ರಾಚಮ್ಮನಿಗೆ ಏದುಸಿರು. "ಗುಡ್ಡದಲ್ಲಿ ಇನ್ನೊಂದಿಲ್ಲ. ಇನ್ನು ಅದೆಂಗೆ ಹದ್ದು ತಿಂದಾವು, ನೋಡ್ಬುಡನ!"

ಸುಧಾಕರ ಚಪ್ಪಲಿ ಮೆಟ್ಟಿದವನು ಮತ್ತೆ ಬಿಟ್ಟ.

"ಇವನ್ನೆಲ್ಲ ಹಿಡೀರಿ ಅಂತ ನಿಮ್ಗೆ ಯಾರ್ ಹೇಳಿದ್ದು?"

ಬೀದಿಗೆ ಬೀದಿಯೇ ಎದೆಯುಬ್ಬಿಸಿ ಮೇಷ್ಟರ ಕಡೆ ಕೈ ತೋರಿಸಿತು.